ಏಳನೆಯವರು

ಫೋರ್ಟ್ ಲಾಡರ್‌ಡೇಲ್ ವಿಮಾನ ನಿಲ್ದಾಣಕ್ಕೂ ಪೋರ್ಟ್ ಎವರ್‌ಗ್ಲೇಡ್ಸ್ ಬಂದರಿಗೂ ನಡುವೆ ಇರುವುದು ಸುಮಾರು ಮೂರು ಕಿಲೋಮೀಟರು. ಇಷ್ಟು ದೂರವನ್ನು ದಾಟುವುದು ಹೇಗೆ ಎಂಬ ವಿಷಯದಲ್ಲಿ ಫ್ಲಾರಿಡಾಕ್ಕೆ ಹಡಗು ಹತ್ತಲು ಬರುವವರಲ್ಲಿ ಎರಡು ಪಂಗಡಗಳಿವೆ. ಒಂದು ಟ್ಯಾಕ್ಸಿ ಪಂಗಡ, ಇನ್ನೊಂದು ಹೋಟೆಲ್ ಶಟಲ್ ಪಂಗಡ. ಇವರ ಭಿನ್ನಾಭಿಪ್ರಾಯ ಮೇಲುಕೋಟೆಯ ತೆಂಗಲೆ ವಡಗಲೆ ವ್ಯಾಜ್ಯದಷ್ಟು ಹಳೆಯದಲ್ಲ, ಕಾವಿನಲ್ಲಿ ಮಾತ್ರ ಕಮ್ಮಿಯೇನಿಲ್ಲ. ಹೋಟೆಲಿನ ಲಿಫ್ಟಿನಲ್ಲಿ ಅಪರಿಚಿತರು ಸಿಕ್ಕರೆ ‘ಯಾವ ಹಡಗು?’ ಎನ್ನುವುದು ಮೊದಲ ಪ್ರಶ್ನೆ, ‘ಶಟಲ್ಲೋ ಟ್ಯಾಕ್ಸಿಯೋ?’ ಎನ್ನುವುದು ಎರಡನೆಯದು. ಮೂರನೆಯದನ್ನು ಕೇಳುವಷ್ಟರಲ್ಲಿ ಅವರ ಮಹಡಿ ಬಂದಿರುತ್ತದೆ.

ಹಿಂದಿನ ದಿನವೇ ಬಂದು ತಂಗುವುದು ಅಲ್ಲಿನ ವಾಡಿಕೆ. ವಿಮಾನ ತಡವಾಯಿತೆಂದು ಹಡಗು ಕಾಯುವುದಿಲ್ಲ. ಹತ್ತಿದವರ ಪೂರ್ತಿ ಪಟ್ಟಿ ಹೊರಡುವುದಕ್ಕೆ ಒಂದು ಗಂಟೆ ಮೊದಲೇ ಅಮೆರಿಕದ ಕಸ್ಟಮ್ಸಿನವರಿಗೆ ಸೇರಿರಬೇಕು. ಆಮೇಲೆ ಏದುಸಿರು ಬಿಡುತ್ತ ಓಡಿ ಬಂದು ಕೈ ಅಡ್ಡ ಹಿಡಿದರೆ ಸೀಟಿ ಊದಿ ನಿಲ್ಲಿಸುವ ಕಂಡಕ್ಟರು ಅಲ್ಲಿಲ್ಲ. ಹೀಗಾಗಿ ವಿಮಾನ ನಿಲ್ದಾಣಕ್ಕೆ ಅಂಟಿಕೊಂಡಿರುವ ಡೇನಿಯಾ ಬೀಚ್ ಎಂಬ ಊರಿನಲ್ಲಿ, ಹೆದ್ದಾರಿಗೆ ಮುಖ ಮಾಡಿ ಸಾಲುಸಾಲು ಹೋಟೆಲುಗಳು ಎದ್ದಿವೆ. ಹೆಸರಿನಲ್ಲಿ ಬೀಚ್ ಇದೆಯೇ ಹೊರತು ನಮ್ಮ ಕೋಣೆಯ ಕಿಟಕಿಗೆ ಕಂಡದ್ದು ಕಾರು ನಿಲ್ಲಿಸುವ ಜಾಗ, ಅದರಾಚೆ ಒಂದು ಕಾಲುವೆ, ಕಾಲುವೆಯ ದಡದ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗಿದ ಇಗ್ವಾನಾಗಳು. ನಮ್ಮ ಬೇಲಿಯ ಓತಿಕ್ಯಾತದ ದೊಡ್ಡಪ್ಪಂದಿರು.

ನಾವು ಏಳು ಜನ. ನಾನು, ನನ್ನಾಕೆ, ಬೀಗರು, ಬೀಗಿತ್ತಿ, ಮಗ, ಸೊಸೆ, ಮೊಮ್ಮಗಳು. ಮಕ್ಕಳಿರುವುದು ಅಟ್ಲಾಂಟಾದ ಹತ್ತಿರ. ಅಪ್ಪ ಅಮ್ಮಂದಿರನ್ನು ಆರು ತಿಂಗಳಿಗೆಂದು ಸರದಿಯ ಮೇಲೆ ಕರೆಸಿಕೊಳ್ಳುವುದು ಅಲ್ಲಿ ನಮ್ಮವರು ಮಾಡಿಕೊಂಡಿರುವ ಏರ್ಪಾಟು. ಬೇಸಗೆಗೆ ಒಂದು ಜೋಡಿ, ಚಳಿಗಾಲಕ್ಕೆ ಇನ್ನೊಂದು. ಒಂದು ಸರದಿ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಎರಡು ಜೋಡಿಯೂ ಒಂದೇ ಮನೆಯಲ್ಲಿ ಎದುರುಬದುರಾದರೆ ಕಷ್ಟ. ಒಲೆ ಯಾರ ಸುಪರ್ದಿಗೆ, ಟೀವಿ ಯಾರ ಸುಪರ್ದಿಗೆ? ಸಾರಿಗೆ ಬೆಲ್ಲ ಹಾಕುವುದೋ ಬೇಡವೋ? ಆಗ ಮಕ್ಕಳು ಕ್ರೂಸ್ ಬುಕ್ ಮಾಡುತ್ತಾರೆ. ಹಡಗಿನಲ್ಲಿ ಅಡುಗೆ ಹಡಗಿನವರದು. ಮುನಿಸಿಕೊಂಡು ಎದ್ದು ಹೋಗಲು ಊರೂ ಇಲ್ಲ.

ಹೋಗುವುದು ಬಹಾಮಾಸಿಗೇ ಯಾಕೆ ಎಂದು ನಾನು ಕೇಳಿದ್ದಕ್ಕೆ ಮಗ ಒಂದು ಕಾನೂನು ಹೇಳಿದ. ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ವಿದೇಶಿ ಬಾವುಟದ ಹಡಗು ಜನರನ್ನು ಸಾಗಿಸಕೂಡದು ಎಂದು 1886ರಲ್ಲಿ ಮಾಡಿದ್ದು. ಈ ದೊಡ್ಡ ದೊಡ್ಡ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾಗಳಂಥ ದೇಶಗಳಲ್ಲಿ ನೋಂದಣಿಯಾದವು. ಹತ್ತಿಸಿಕೊಂಡ ಜನರನ್ನು ವಾಪಸು ತಂದು ಇಳಿಸಬೇಕಾದರೆ ನಡುವೆ ಒಂದು ಪರದೇಶವನ್ನು ಮುಟ್ಟಿ ಬರಬೇಕು. ಹತ್ತಿರದ ಪರದೇಶ ಬಹಾಮಾಸ್. ತಿಪಟೂರಿನ ಖಜಾನೆಯಲ್ಲಿ ಸರ್ವಿಸ್ ಸವೆಸಿದ ನನಗೆ ಇಂಥ ಕಾನೂನು ಅಂದರೆ ಪ್ರೀತಿ. ಒಂದು ರೂಲು ಇರುವ ಕಾರಣಕ್ಕೇ ಸಾವಿರಾರು ಜನ ಸಮುದ್ರದಲ್ಲಿ ಸುತ್ತು ಹಾಕಿ ಬರುವುದೆಂದರೆ ಅದು ರೂಲಿನ ಘನತೆ.

ಬೀಗರು ಹುಬ್ಬಳ್ಳಿಯವರು, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಲ್ಲಿ ಡಿಪೊ ಮ್ಯಾನೇಜರಾಗಿದ್ದು ನಿವೃತ್ತರಾದವರು. 1997ರಲ್ಲಿ ಆ ಸಂಸ್ಥೆ ಬೇರೆಯಾದದ್ದನ್ನು ಈಗಲೂ ‘ನಮ್ಮ ಪಾಲು ಹಂಚಿಕಿ ಆದಾಗ’ ಎಂದೇ ಹೇಳುತ್ತಾರೆ. ಹತ್ತಾರು ಜನ ಕೂತು ಹೋಗುವ ಯಾವ ವಾಹನ ಕಂಡರೂ ಅವರ ಕಣ್ಣು ಮೊದಲು ಟಯರಿಗೆ ಹೋಗುತ್ತದೆ. ಟ್ಯಾಕ್ಸಿಯ ಬಗ್ಗೆ ಅವರಿಗೆ ಹಗೆಯೇನೂ ಇಲ್ಲ. ಅದನ್ನೊಂದು ವಾಹನವೆಂದು ಪರಿಗಣಿಸುವುದಿಲ್ಲ, ಅಷ್ಟೆ.

ಹೋಟೆಲಿನ ಗೋಡೆಯ ಮೇಲೆ ‘ಉಚಿತ ಶಟಲ್’ ಎಂದು ದೊಡ್ಡದಾಗಿ ಬರೆದಿತ್ತು. ನಾವು ಒಳಗೆ ಕಾಲಿಟ್ಟ ಕೂಡಲೇ ಬೀಗರು ಅದನ್ನು ಓದಿ ನನ್ನತ್ತ ತಿರುಗಿ, ‘ನೋಡ್ರಿ ಬೀಗರ, ಮಾತ ಮುಗೀತು’ ಎಂದರು. ಮಾತು ಮುಗಿದಿರಲಿಲ್ಲ. ಉಚಿತ ವ್ಯಾನು ವಿಮಾನ ನಿಲ್ದಾಣಕ್ಕೆ ಮಾತ್ರ. ಬಂದರಿಗಾದರೆ ತಲೆಗೆ ಹತ್ತು ಡಾಲರು ಎಂದಳು ಕೌಂಟರಿನ ಹುಡುಗಿ.

‘ಅಲ್ರೀ, ಎರಡೂ ಒಂದ ದಿಕ್ಕಿಗ ಅದಾವು. ಏರ್‌ಪೋರ್ಟ್ ದಾಟಿ ಇನ್ನೊಂದು ಸ್ಟೇಜ್. ಒಂದು ಸ್ಟೇಜಿಗೆ ಎಂಟು ನೂರು ರೂಪಾಯಿ?’

ಸೊಸೆ ಅಪ್ಪನ ಮಾತನ್ನು ಇಂಗ್ಲಿಷಿಗೆ ತರುವ ಗೋಜಿಗೆ ಹೋಗಲಿಲ್ಲ. ಬಂದರಿನೊಳಗೆ ಬಾಡಿಗೆಯ ವಾಹನ ಓಡಾಡಬೇಕಾದರೆ ಪರವಾನಗಿ ಬೇಕು, ಶುಲ್ಕ ಕಟ್ಟಬೇಕು, ಹೋಟೆಲಿನವರು ಅದರ ಮೇಲೆ ತಮ್ಮದನ್ನಿಷ್ಟು ಸೇರಿಸುತ್ತಾರೆ ಎಂದು ಮಗ ತಿಳಿಸಿ ಹೇಳಿದ. ಬೀಗರು ತಲೆದೂಗಿದರು. ಶುಲ್ಕ, ಪರವಾನಗಿ ಎಂದ ಕೂಡಲೇ ಅವರ ಸಿಟ್ಟು ಇಳಿಯುವುದನ್ನು ನಾನು ಮೊದಲೂ ಕಂಡಿದ್ದೆ.

ಲೆಕ್ಕ ನನ್ನ ಪಾಲಿಗೆ ಬಂತು. ಕೌಂಟರಿನ ಚೀಟಿಯ ಹಿಂಬದಿಯಲ್ಲಿ ಬರೆದೆ. ಆ ಹೋಟೆಲಿನಿಂದ ಬಂದರಿಗೆ ಟ್ಯಾಕ್ಸಿಯವರು ಮೀಟರಿನ ಪ್ರಕಾರ, ಟಿಪ್ಸೂ ಸೇರಿ, ಇಪ್ಪತ್ತು ಡಾಲರಿನ ಆಸುಪಾಸು ತೆಗೆದುಕೊಳ್ಳುತ್ತಾರೆ. ಪಕ್ಕದ ಮಯಾಮಿಯಲ್ಲಿ ವಿಮಾನ ನಿಲ್ದಾಣದಿಂದ ಬಂದರಿಗೆ ಟ್ಯಾಕ್ಸಿಗೆ ನಿಗದಿತ ದರ, ಅದೂ ತಲೆಗಲ್ಲ, ಗಾಡಿಗೆ, ಇಲ್ಲಿ ಮೀಟರು. ಒಬ್ಬನೇ ಹೋಗುವುದಾದರೆ ಶಟಲ್ ಅಗ್ಗ. ಇಬ್ಬರಾದರೆ ಸಮ. ಮೂರನೆಯವರು ಕೂಡಿದ ಕ್ಷಣ ಟ್ಯಾಕ್ಸಿ ಗೆಲ್ಲುತ್ತದೆ. ಐದಾದರೆ ಟ್ಯಾಕ್ಸಿಗಳು ಎರಡಾಗುತ್ತವೆ, ಆದರೂ ಗೆಲ್ಲುತ್ತದೆ. ಏಳು ಜನಕ್ಕೆ ಶಟಲಿನಲ್ಲಿ ಎಪ್ಪತ್ತು, ಎರಡು ಟ್ಯಾಕ್ಸಿಯಲ್ಲಿ ನಲವತ್ತು. ಹೆಚ್ಚು ಜನ ಕೂಡಿ ಕೂತಷ್ಟೂ ಖರ್ಚು ಇಳಿಯಬೇಕು ಎಂಬುದು ನಾವು ಹುಟ್ಟಿದಾರಭ್ಯ ಕಲಿತ ಲೆಕ್ಕ. ಇಲ್ಲಿ ಒಬ್ಬರ ತೊಡೆ ಇನ್ನೊಬ್ಬರಿಗೆ ತಾಗುವಂತೆ ಕೂತರೆ ದುಬಾರಿ, ಕಾಲು ಚಾಚಿ ಕೂತರೆ ಅಗ್ಗ. ಚೀಟಿಯನ್ನು ಎರಡು ಸಲ ತಾಳೆ ನೋಡಿದೆ.

ಮಗ ನಮ್ಮ ಲೆಕ್ಕವನ್ನು ಕೇಳಿಸಿಕೊಳ್ಳುತ್ತಲೇ ಫೋನಿನಲ್ಲಿ ಮೂರನೆಯ ದಾರಿ ತೆಗೆದಿದ್ದ. ಆ್ಯಪಿನಲ್ಲಿ ದೊಡ್ಡ ಕಾರು, ಒಂದೇ ಗಾಡಿ, ಮೂವತ್ತು ಡಾಲರು. ಲಗೇಜೂ ಹಿಡಿಯುತ್ತದೆ. ‘ಎಲ್ಲ ಆಯ್ತಪ್ಪ, ಮಲಗೋಣ’ ಎಂದ.

‘ಎಷ್ಟು ಸೀಟು?’ ಎಂದರು ಬೀಗರು.

‘ಆರು.’

ಯಾರೂ ಮಾತಾಡಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದಳು ನನ್ನಾಕೆ. ಹಾಗೆ ಮಾಡಿದರೆ ಡ್ರೈವರು ಗಾಡಿ ಎತ್ತುವುದೇ ಇಲ್ಲ ಎಂದಳು ಸೊಸೆ. ಹಾಗಾದರೆ ನಾನೇ ಉಳಿಯುತ್ತೇನೆ, ಆ ಹಡಗು ನೋಡಿ ನನಗೇನಾಗಬೇಕು ಎಂದಳು ನನ್ನಾಕೆ. ಛೇ ಛೇ, ನಾವು ಹೆಣ್ಣು ಕೊಟ್ಟವರು, ನಾವ ಹಿಂದ ಬರತೇವಿ ಎಂದರು ಬೀಗಿತ್ತಿ. ನಮ್ಮ ಮನೆಗಳಲ್ಲಿ ಕೊನೆಯ ಹೋಳಿಗೆ ತಟ್ಟೆಯಲ್ಲೇ ಒಣಗುವುದು ಹೀಗೆ. ಕೊನೆಯ ಸೀಟಿಗೂ ಅದೇ ಗತಿ ಬರುವುದರಲ್ಲಿತ್ತು.

ಅಷ್ಟರಲ್ಲಿ ಬೀಗರು ಕೌಂಟರಿನ ಹತ್ತಿರ ಹೋಗಿ ಬಂದರು. ಅಲ್ಲೊಂದು ಹಲಗೆಗೆ ಸಿಕ್ಕಿಸಿದ ಹಾಳೆ, ದಾರ ಕಟ್ಟಿದ ಪೆನ್ನು. ಹಾಳೆಯ ಮೇಲೆ ಗೆರೆ ಎಳೆದು ಹೊತ್ತು, ಹೆಸರು, ಕೋಣೆ, ತಲೆ, ಹಡಗು ಎಂದು ಕಲಂ ಮಾಡಿದ್ದರು. ಬೀಗರ ಮುಖದಲ್ಲಿ ಬಹಳ ದಿನಗಳ ಮೇಲೆ ನೆಂಟರೊಬ್ಬರು ಸಿಕ್ಕ ಕಳೆ.

‘ಬೀಗರ, ಬರ್ರಿಲ್ಲಿ. ಇದು ಟ್ರಿಪ್ ಶೀಟ್! ಹತ್ತರ ಟ್ರಿಪ್ಪಿಗೆ ಸೀಟು ಹದಿನಾಲ್ಕು, ಹೆಸರು ಬರದಿದ್ದು ಹದಿನೇಳು. ಲೋಡ್ ಫ್ಯಾಕ್ಟರ್ ನೂರಾ ಇಪ್ಪತ್ತೊಂದು. ನಮ್ಮ ಡಿಪೋಕ್ಕ ಸಂತಿ ದಿನ ಅಷ್ಟ ಬರತಿತ್ತು.’

ಹದಿನಾಲ್ಕು ಸೀಟಿಗೆ ಹದಿನೇಳು ಜನ ಹೇಗೆ ಎಂದು ಸೊಸೆಯ ಮೂಲಕ ಹುಡುಗಿಯನ್ನು ಕೇಳಿದರು. ಹೆಸರು ಬರೆಸಿದವರಲ್ಲಿ ಮೂರು ನಾಲ್ಕು ಜನ ಬೆಳಿಗ್ಗೆ ತಾಳ್ಮೆಗೆಟ್ಟು ಟ್ಯಾಕ್ಸಿ ಹಿಡಿದು ಹೋಗುತ್ತಾರೆ, ಸರಿಹೋಗುತ್ತದೆ ಎಂದಳು ಅವಳು. ಬೀಗರು ಆ ಹುಡುಗಿಗೆ ಒಂದು ನಮಸ್ಕಾರ ಹಾಕಿ ಬಂದರು. ಹತ್ತೂವರೆಯ ಟ್ರಿಪ್ಪಿನಲ್ಲಿ ಎರಡು ಹೆಸರನ್ನೂ ಬರೆದು ಬಂದಿದ್ದರು, ಒಂದು ಅವರದು, ಇನ್ನೊಂದು ನನ್ನದು.

‘ನಿಮ್ಮನ್ನ ಕೇಳಲಿಲ್ಲ. ಇಲ್ಲ ಅನ್ನಂಗಿಲ್ಲ ಅಂತ ಗೊತ್ತಿತ್ತು.’

ಅವರೆಂದದ್ದು ನಿಜ. ಏಳನೆಯವನಾಗಿ ಉಳಿಯುವುದೆಂದರೆ ಅದು ತ್ಯಾಗ, ಇಬ್ಬರು ಉಳಿದರೆ ಪ್ರವಾಸ. ಮಗನಿಗೆ ಸ್ವಲ್ಪ ಬೇಸರವಾಯಿತು. ಅವನ ಏರ್ಪಾಟಿನಲ್ಲಿ ಮೂವತ್ತರ ಮೇಲೆ ಇಪ್ಪತ್ತು ಡಾಲರು ಹೆಚ್ಚಾಯಿತೆಂಬ ಬೇಸರವಲ್ಲ ಅದು. ಅಮೆರಿಕಕ್ಕೆ ಬಂದಾಗಿನಿಂದ ನಾವು ಯಾವ ಗಾಡಿಯಲ್ಲಿ ಕೂರಬೇಕು, ಎಷ್ಟು ಹೊತ್ತಿಗೆ ಏಳಬೇಕು, ಯಾವ ಸ್ವೆಟರು ಹಾಕಬೇಕು ಎಂಬುದೆಲ್ಲ ಅವನ ಫೋನಿನಲ್ಲಿರುತ್ತಿತ್ತು. ನಮ್ಮ ಬೋರ್ಡಿಂಗ್ ಪಾಸು, ನಮ್ಮ ಇನ್ಶೂರೆನ್ಸು, ನನ್ನ ಬಿ.ಪಿ. ಮಾತ್ರೆಯ ಹೆಸರು, ಎಲ್ಲ. ತುಂಬ ಅಚ್ಚುಕಟ್ಟಾದ ಹುಡುಗ. ಸೂಟ್‌ಕೇಸುಗಳನ್ನು ಎಣಿಸುವಾಗ ನಮ್ಮನ್ನೂ ಸೇರಿಸಿಯೇ ಎಣಿಸುತ್ತಾನೆ.

ಅವನಿಗೆ ಐದಾರು ವರ್ಷವಿದ್ದಾಗ ಅವನ ತಾಯಿಯ ತವರಿಗೆ ಹೋಗಲು ಅರಸೀಕೆರೆ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಬಸ್ಸು ನಿಲ್ಲುವ ಮೊದಲೇ ಜನ ಬಾಗಿಲಿಗೆ ಜೋತು ಬೀಳುತ್ತಿದ್ದರು. ಕಿಟಕಿಯೊಳಗೆ ಟವೆಲ್ಲು ಎಸೆದು ಸೀಟು ಹಿಡಿಯುವುದು ಎಲ್ಲರೂ ಬಲ್ಲ ವಿದ್ಯೆ, ಆದರೆ ಟವೆಲ್ಲನ್ನು ಎತ್ತಿ ಪಕ್ಕಕ್ಕಿಡುವ ಜನರೂ ಇದ್ದರು. ನಾನು ಮಗನನ್ನೇ ಎತ್ತಿ ಕಿಟಕಿಯೊಳಗೆ ತೂರಿಸುತ್ತಿದ್ದೆ. ಅವನು ಎರಡು ಕೈಯನ್ನೂ ಅಗಲ ಚಾಚಿ ಮೂರು ಜನರ ಸೀಟಿನ ಮೇಲೆ ಅಡ್ಡಡ್ಡ ಮಲಗಿಬಿಡುತ್ತಿದ್ದ. ‘ಅಪ್ಪ ಬರ್ತಾರೆ, ಅಪ್ಪ ಬರ್ತಾರೆ’ ಎಂದು ಅವನು ಕೂಗುತ್ತಿದ್ದದ್ದು ಆ ಗದ್ದಲದಲ್ಲೂ ನನಗೆ ಹೊರಗೆ ಕೇಳಿಸುತ್ತಿತ್ತು. ಮಗುವನ್ನು ಎತ್ತಿ ಪಕ್ಕಕ್ಕಿಡುವ ಧೈರ್ಯ ಅರಸೀಕೆರೆಯಲ್ಲಿ ಯಾರಿಗೂ ಇರಲಿಲ್ಲ.

ಆ ರಾತ್ರಿ ಈಜುಕೊಳದ ಪಕ್ಕದ ಕುರ್ಚಿಯಲ್ಲಿ ಕೂತು ಇದನ್ನು ಬೀಗರಿಗೆ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ‘ಅದು ನಿಯಮಬಾಹಿರ ರೀ’ ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನ್ನ ಮಗಳನ್ನ ಡ್ರೈವರ್ ಬಾಗಿಲದಾಗಿಂದ ಹತ್ತಸ್ತಿದ್ದೆ. ಸ್ಟಾಫ್ ಅಂತ’ ಎಂದರು.

ಬೀಗಿತ್ತಿ ಕೌಂಟರಿನ ಪಕ್ಕದ ಬ್ರೋಷರುಗಳನ್ನೆಲ್ಲ ತಂದು ಗುಡ್ಡೆ ಹಾಕಿದ್ದರು. ಬಿಟ್ಟಿಯಾಗಿ ಸಿಕ್ಕಿದ್ದನ್ನು ಬಿಟ್ಟು ಬರುವ ಅಭ್ಯಾಸ ನಮ್ಮ ಎರಡೂ ಮನೆಗಳಲ್ಲಿಲ್ಲ. ಅವುಗಳಿಂದ ಊರಿನ ಚರಿತ್ರೆ ತಿಳಿಯಿತು. ಬಂದರು ಉದ್ಘಾಟನೆಯಾದದ್ದು 1928ರ ಫೆಬ್ರುವರಿ 22ಕ್ಕೆ. ಸಮುದ್ರಕ್ಕೂ ಬಂದರಿಗೂ ನಡುವೆ ಉಳಿದಿದ್ದ ಬಂಡೆಯ ತಡೆಯನ್ನು ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ವಾಷಿಂಗ್ಟನ್ನಿನಲ್ಲಿ ಕೂತೇ ಬಟನ್ ಒತ್ತಿ ಸಿಡಿಸುವುದೆಂದು ನಿಶ್ಚಯವಾಗಿತ್ತು. ಊರಿಗೆ ಊರೇ ಬಂದು ದಡದಲ್ಲಿ ನಿಂತಿತು. ಅಧ್ಯಕ್ಷರು ಬಟನ್ ಒತ್ತಿದರು. ಏನೂ ಆಗಲಿಲ್ಲ. ಆಮೇಲೆ ಬಂಡೆ ತೆಗೆದರು ಅನ್ನಿ. ದೂರದಲ್ಲಿ ಕೂತು ಬಟನ್ ಒತ್ತಿ ಕೆಲಸ ಮಾಡಿಸುವುದರ ಮೇಲೆ ಆ ಬಂದರಿಗೆ ಹುಟ್ಟಿನಿಂದಲೇ ನಂಬಿಕೆಯಿಲ್ಲ ಎಂದು ನಾನು ಆ್ಯಪಿನ ಕಡೆ ಬೊಟ್ಟು ಮಾಡಿದೆ. ಮಗ ನಗಲಿಲ್ಲ.

ಇನ್ನೊಂದು ಬ್ರೋಷರನ್ನು ಓದಬಾರದಿತ್ತು. ಈಗಿನ ವಿಮಾನ ನಿಲ್ದಾಣ ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ವೈಮಾನಿಕ ನೆಲೆಯಾಗಿತ್ತು. 1945ರ ಡಿಸೆಂಬರ್ 5ರಂದು ಐದು ಅವೆಂಜರ್ ವಿಮಾನಗಳು ಹದಿನಾಲ್ಕು ಜನರನ್ನು ಹೊತ್ತು ತರಬೇತಿಗೆಂದು ಹೊರಟು ಮತ್ತೆ ಕಾಣಿಸದೇ ಹೋದದ್ದು ಇಲ್ಲಿಂದಲೇ. ಹುಡುಕಲು ಹೋದ ವಿಮಾನವೂ ಹದಿಮೂರು ಜನರೊಂದಿಗೆ ಮರಳಲಿಲ್ಲ. ನಮ್ಮ ವಯಸ್ಸಿನವರಿಗೆ ಬರ್ಮುಡಾ ತ್ರಿಕೋನವೆಂದರೆ ಹೊಸದಾಗಿ ಹೇಳಿಕೊಡಬೇಕಾದ್ದಿಲ್ಲ. ವಾರಪತ್ರಿಕೆಗಳು ಅದನ್ನು ಓದಿಸಿ ಓದಿಸಿ ನಮ್ಮ ಹರೆಯವನ್ನು ನಡುಗಿಸಿದ್ದವು. ಬೀಗಿತ್ತಿ ಕನ್ನಡಕ ತೆಗೆದು, ‘ನಾಳಿ ನಾವು ಹೋಗೂದು ಆ ಕಡೀಗೇ ಏನು?’ ಎಂದರು. ಬೀಗರು ಆಕಾಶ ನೋಡಿದರು. ಶಟಲ್, ಟ್ಯಾಕ್ಸಿ ಎರಡೂ ಆ ಹೊತ್ತಿಗೆ ಬಹಳ ಸಣ್ಣ ವಿಷಯಗಳಾಗಿ ಕಂಡವು. ಹತ್ತು ನಿಮಿಷ ಮಾತ್ರ. ಆಮೇಲೆ ನನ್ನಾಕೆ ಬಂದು, ದೊಡ್ಡ ಕಾರಿನಲ್ಲಿ ಮುಂದಿನ ಸೀಟು ಯಾರಿಗೆ ಎಂದು ಕೇಳಿದಳು.

ಬೆಳಿಗ್ಗೆ ತಿಂಡಿಯ ಹಾಲಿನಲ್ಲಿ ವಾಫಲ್ ಮಾಡುವ ಯಂತ್ರದ ಮುಂದೆ ಸಾಲು. ಕಾಗದದ ಲೋಟದಲ್ಲಿ ಹಿಟ್ಟು ಹಿಡಿದು, ಕಾವಲಿಗೆ ಸುರಿದು, ಮುಚ್ಚಿ, ಹಿಡಿಕೆ ಹಿಡಿದು ತಲೆಕೆಳಗು ಮಾಡಿ, ಅದು ಕುಂಯ್ ಎನ್ನುವ ತನಕ ಕಾಯಬೇಕು. ಸಾಲಿನಲ್ಲಿದ್ದವರ ಕೊರಳಿನಲ್ಲೆಲ್ಲ ಹಡಗಿನ ಹೆಸರಿನ ಪಟ್ಟಿ. ಮನೆಯಲ್ಲೇ ಪ್ರಿಂಟು ತೆಗೆದು ತಂದ ಲಗೇಜಿನ ಚೀಟಿಗಳನ್ನು ಮಡಚಿ ಸೂಟ್‌ಕೇಸಿನ ಹಿಡಿಕೆಗೆ ಹೊಲಿಗೆ ಹಾಕಲು ಕೌಂಟರಿನಲ್ಲಿ ಒಂದೇ ಸ್ಟೇಪ್ಲರು. ಅದು ಒಬ್ಬರ ಕೈಯಿಂದ ಒಬ್ಬರ ಕೈಗೆ ತಿರುಗಿ ನಮ್ಮ ಹತ್ತಿರ ಬರುವ ಹೊತ್ತಿಗೆ ಪಿನ್ನು ಖಾಲಿ. ನನ್ನಾಕೆ ಕೈಚೀಲದಿಂದ ಸೂಜಿದಾರ ತೆಗೆದಳು. ನಮ್ಮ ಸೂಟ್‌ಕೇಸುಗಳಿಗೆ ಹಡಗಿನ ಚೀಟಿ ಹೆಮ್ಮಿಂಗ್ ಹೊಲಿಗೆಯಲ್ಲಿ ಕೂತಿತು. ಬಹಾಮಾಸ್ ನೋಡಿ ಬಂದರೂ ಅದು ಬಿಚ್ಚಲಿಲ್ಲ, ಕತ್ತರಿ ಬೇಕಾಯಿತು.

ಹತ್ತಕ್ಕೆ ದೊಡ್ಡ ಕಾರು ಬಂತು. ಐದು ಜನ ಹತ್ತಿ, ಚೀಲಗಳನ್ನೆಲ್ಲ ತುಂಬಿಕೊಂಡು ಹೊರಟರು. ಆರನೆಯ ಸೀಟು ಖಾಲಿಯೇ ಹೋಯಿತು. ‘ಇನ್ನೂ ಹೊತ್ತಿದೆ, ಒಬ್ಬರು ಬನ್ನಿ’ ಎಂದು ಮಗ ಕಿಟಕಿ ಇಳಿಸಿ ಕರೆದ. ನಾವಿಬ್ಬರೂ ಕೈ ಬೀಸಿದೆವು.

ಹತ್ತೂವರೆಯ ಶಟಲ್ ಹತ್ತು ಐವತ್ತಕ್ಕೆ ಬಂತು. ಆ ಇಪ್ಪತ್ತು ನಿಮಿಷದಲ್ಲಿ ಹುಡುಗಿ ಹೇಳಿದ್ದು ಕಣ್ಣಿಗೆ ಬಿತ್ತು: ಒಂದು ಕುಟುಂಬ ಪದೇ ಪದೇ ಗಡಿಯಾರ ನೋಡಿ, ಬಾಗಿಲ ಹೊರಗೆ ಹೋಗಿ ಇಣುಕಿ, ಕೊನೆಗೆ ಟ್ಯಾಕ್ಸಿಗೆ ಫೋನ್ ಮಾಡಿತು. ಬೀಗರು ಹಾಳೆಯ ಬಳಿ ಹೋಗಿ ಅವರ ಹೆಸರಿನ ಮೇಲೆ ಗೆರೆ ಎಳೆದು ಬಂದರು. ಯಾರೂ ಕೇಳಿರಲಿಲ್ಲ.

ಡ್ರೈವರು ಹೈಟಿ ದೇಶದವನು. ಆ ಊರಿನಲ್ಲಿ ಟ್ಯಾಕ್ಸಿ, ವ್ಯಾನು ಓಡಿಸುವವರಲ್ಲಿ ಹೈಟಿಯವರು ಬಹಳ. ಅವನು ಲಗೇಜು ಏರಿಸುವುದನ್ನು ಬೀಗರು ಕೈಕಟ್ಟಿ ನಿಂತು ನೋಡಿದರು. ಭಾರದ್ದು ಅಡಿಗೆ, ಗಾಲಿ ಒಳಕ್ಕೆ, ಹಿಡಿಕೆ ಹೊರಕ್ಕೆ; ಮೊದಲು ಇಳಿಯುವ ಹಡಗಿನವರದು ಕೊನೆಗೆ. ಒಂದನ್ನೂ ಎರಡನೇ ಸಲ ಮುಟ್ಟಲಿಲ್ಲ. ‘ಇಂವಾ ಟಾಪ್ ಮ್ಯಾಲ ಲಗೇಜ್ ಏರಿಸಿದಾಂವ ಇದ್ದಾನ’ ಎಂದು ನನ್ನ ಕಿವಿಯಲ್ಲಿ ಸರ್ಟಿಫಿಕೇಟು ಕೊಟ್ಟರು. ಅವನಿಗೂ ಇದು ಹೇಗೋ ಮುಟ್ಟಿರಬೇಕು. ಬೀಗರನ್ನು ಕರೆದು ತನ್ನ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡ.

ನನ್ನ ಪಕ್ಕದಲ್ಲಿ ಎಂಬತ್ತು ದಾಟಿದ ಒಬ್ಬ ಹೆಂಗಸು. ಒಬ್ಬರೇ. ಬೆರಳಿನಲ್ಲಿ ಎರಡು ಮದುವೆಯ ಉಂಗುರ, ಒಂದು ದೊಡ್ಡದು, ಜಾರದ ಹಾಗೆ ಅದಕ್ಕೆ ದಾರ ಸುತ್ತಿದ್ದರು. ಗಂಡ ಇದ್ದಾಗ ಟ್ಯಾಕ್ಸಿಯಲ್ಲೇ ಹೋಗುತ್ತಿದ್ದೆವು, ಅವರಿಗೆ ಯಾರಿಗಾಗಿಯೂ ಕಾಯುವುದು ಆಗುತ್ತಿರಲಿಲ್ಲ ಎಂದರು. ಈಗ ಶಟಲ್ಲೇ. ದುಡ್ಡಿನ ಪ್ರಶ್ನೆಯಲ್ಲ. ‘ಆ ಹಾಳೆಯಲ್ಲಿ ನನ್ನ ಹೆಸರಿರುತ್ತದೆ. ನಾನು ಕೆಳಗೆ ಬರದಿದ್ದರೆ ಯಾರಾದರೂ ಮೇಲೆ ಬಂದು ಬಾಗಿಲು ತಟ್ಟುತ್ತಾರೆ.’ ಇಷ್ಟು ಹೇಳಿ, ನಮ್ಮ ಹಡಗಿನಲ್ಲಿ ಐಸ್‌ಕ್ರೀಮ್ ಯಾವ ಮಹಡಿಯಲ್ಲಿ ಚೆನ್ನಾಗಿರುತ್ತದೆ ಎಂಬ ವಿಷಯಕ್ಕೆ ಹೋದರು. ನಾನು ಮಹಡಿಯ ನಂಬರು ಬರೆದುಕೊಂಡೆ.

ಬೀಗರ ಕೈಯಲ್ಲಿ ಆ ಹೆಸರಿಗೆ ಗೆರೆ ಬಿದ್ದಿದ್ದರೆ ಎಂದು ಒಂದು ಗಳಿಗೆ ಎದೆ ಝಲ್ಲೆಂದಿತು.

ವ್ಯಾನು ಹೆದ್ದಾರಿ ಹಿಡಿಯಿತು. ವಿಮಾನ ನಿಲ್ದಾಣದ ದಕ್ಷಿಣದ ರನ್‌ವೇಯನ್ನು 2014ರಲ್ಲಿ ಉದ್ದ ಮಾಡಿದಾಗ ರಸ್ತೆಯನ್ನೂ ರೈಲುಹಳಿಯನ್ನೂ ಸರಿಸದೆ, ರನ್‌ವೇಯನ್ನೇ ಎತ್ತರಿಸಿ ಅವುಗಳ ಮೇಲೆ ದಾಟಿಸಿದ್ದಾರೆ. ನಾವು ಕೆಳಗೆ ಸೇರುವ ಹೊತ್ತಿಗೆ ಸರಿಯಾಗಿ ಒಂದು ವಿಮಾನ ತಲೆಯ ಮೇಲೆ ಇಳಿಯಿತು. ಮೂವತ್ತು ವರ್ಷ ಬಸ್ಸಿನ ನಡುವೆ ಬಾಳಿದ ಬೀಗರು ಎರಡೂ ಕೈಯಿಂದ ತಲೆ ಹಿಡಿದು ಬಗ್ಗಿದರು. ಡ್ರೈವರು ನಕ್ಕ. ಅವನಿಗೆ ದಿನಾ ಒಬ್ಬರಾದರೂ ಹೀಗೆ ಸಿಗುತ್ತಾರಂತೆ.

ಬಂದರಿನ ಗೇಟಿನಲ್ಲಿ ಕಾವಲಿನವರು ವ್ಯಾನು ನಿಲ್ಲಿಸಿದರು. ‘ಎಲ್ಲರೂ ಗುರುತಿನ ಚೀಟಿ ಎತ್ತಿ ಹಿಡಿಯಿರಿ’ ಎಂದ ಡ್ರೈವರು. ಹದಿಮೂರು ಕೈಗಳು ಎದ್ದವು. ಬೀಗರದು ಎರಡೂ ಕೈ. ಬಲಗೈಯಲ್ಲಿ ಪಾಸ್‌ಪೋರ್ಟು, ಎಡಗೈಯಲ್ಲಿ ಸಾರಿಗೆ ಸಂಸ್ಥೆಯ ನಿವೃತ್ತ ನೌಕರರ ಪಾಸು. ಯಾವುದಕ್ಕೂ ಇರ್ಲಿ ಅಂತ.

ಬಿಳಿಯ ಎಣ್ಣೆ ಟ್ಯಾಂಕುಗಳ ಸಾಲು ಕಳೆದ ಮೇಲೆ ಹಡಗುಗಳು ಕಂಡವು. ಚಳಿಗಾಲದ ವಾರದ ಕೊನೆಗೆ ಅಲ್ಲಿ ಆರೇಳು ಹಡಗು ಒಟ್ಟಿಗೆ ನಿಂತಿರುತ್ತವೆ. ಬೆಳಿಗ್ಗೆ ಹಳಬರನ್ನು ಇಳಿಸಿ ಮಧ್ಯಾಹ್ನ ಹೊಸಬರನ್ನು ಹತ್ತಿಸಿಕೊಳ್ಳುತ್ತವೆ. ಶಟಲ್ ಎಂದ ಮೇಲೆ ಎಲ್ಲ ಹಡಗಿನವರನ್ನೂ ಇಳಿಸುತ್ತ ಹೋಗಬೇಕು. ಮೊದಲ ಟರ್ಮಿನಲ್ಲಿನಲ್ಲಿ ನಾಲ್ಕು ಜನ, ಎರಡನೆಯದರಲ್ಲಿ ಐದು. ಎಲ್ಲರೂ ಇಳಿಯುವಾಗ ಉಳಿದವರಿಗೆ ಹೇಳಿ ಹೋದರು. ಕಾಲು ಗಂಟೆಯ ಒಡನಾಟ, ಆದರೂ ಒಬ್ಬರು ನನ್ನ ಭುಜ ತಟ್ಟಿ ಹೋದರು. ಪಣಂಬೂರಿನ ನವ ಮಂಗಳೂರು ಬಂದರಿಗೂ ಚಳಿಗಾಲದಲ್ಲಿ ಇಂಥ ಹಡಗುಗಳು ಬರುತ್ತವೆ. ಎದೆಗೆ ನಂಬರಿನ ಸ್ಟಿಕರು ಅಂಟಿಸಿಕೊಂಡ ವಿದೇಶಿಯರು ಬಸ್ಸಿನಿಂದಿಳಿದು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡುವುದನ್ನು ನಾನು ಕಂಡಿದ್ದೇನೆ. ಆಗ ನನಗೆ ಅವರೆಲ್ಲ ಒಂದೇ ಊರಿನವರ ಹಾಗೆ ಕಂಡಿದ್ದರು. ಒಬ್ಬರಿಗೊಬ್ಬರು ಆ ಬೆಳಿಗ್ಗೆಯಷ್ಟೇ ಪರಿಚಯವಾಗಿದ್ದಿರಬೇಕು ಎಂದು ಈಗ ಅನ್ನಿಸುತ್ತದೆ.

ನಮ್ಮದು ಕೊನೆಯ ಟರ್ಮಿನಲ್. ಉಂಗುರದ ಅಜ್ಜಿಯೂ ನಮ್ಮದೇ ಹಡಗು. ಟಿಪ್ಸಿನ ವಿಷಯಕ್ಕೆ ಬೀಗರು ನಿಂತರು. ಚೀಲಕ್ಕೆ ಒಂದೆರಡು ಡಾಲರು ಎಂದು ಮಗ ಪಾಠ ಮಾಡಿದ್ದ. ನಮ್ಮಿಬ್ಬರ ಕೈಯಲ್ಲಿ ಚೀಲವೇ ಇರಲಿಲ್ಲ, ಎಲ್ಲ ಕಾರಿನಲ್ಲಿ ಹೋಗಿದ್ದವು. ರೂಲಿನ ಪ್ರಕಾರ ಸೊನ್ನೆ. ಬೀಗರು ಜೇಬಿನಿಂದ ಹತ್ತು ಡಾಲರಿನ ನೋಟು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ‘ಚೀಲಕ್ಕಲ್ಲ. ಇಪ್ಪತ್ತು ಮಿನಿಟ್ ಲೇಟ್ ಬಂದ್ರೂ ರೋಡಿನ್ಯಾಗ ಸ್ಪೀಡ್ ಮಾಡಲಿಲ್ಲ ನೋಡ್ರಿ, ಅದಕ್ಕ.’

ಉಳಿದ ಐವರು ಟರ್ಮಿನಲ್ಲಿನ ನೆರಳಿನಲ್ಲಿ ಮುಕ್ಕಾಲು ಗಂಟೆಯಿಂದ ಕಾಯುತ್ತಿದ್ದರು. ಚೀಲಗಳನ್ನು ಪೋರ್ಟರುಗಳಿಗೆ ಒಪ್ಪಿಸಿಯಾಗಿತ್ತು. ಮಗನ ಕಾರು ಹನ್ನೆರಡು ನಿಮಿಷದಲ್ಲಿ ತಲುಪಿತ್ತಂತೆ. ಡ್ರೈವರು ಯಾವ ದೇಶದವನು ಎಂದು ಬೀಗರು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ.

ಹಡಗಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ದೊಡ್ಡದಾಗಿತ್ತು, ಊಟ ಮುಗಿಯುತ್ತಿರಲಿಲ್ಲ, ಬೀಗಿತ್ತಿಗೆ ತ್ರಿಕೋನದ ಭಯ ಎರಡನೆಯ ಪಾಯಸದ ಹೊತ್ತಿಗೆ ಹೋಯಿತು. ನಮ್ಮ ಮೇಜಿಗೆ ಬಡಿಸುತ್ತಿದ್ದ ಹುಡುಗ ಬಂಟ್ವಾಳದ ಕಡೆಯವನು. ಕರಾವಳಿಯ ಹುಡುಗರು ಹಡಗುಗಳಲ್ಲಿ ಕೆಲಸಕ್ಕಿರುವುದು ಹೊಸತಲ್ಲ, ಆದರೂ ಸಮುದ್ರದ ನಡುವೆ ‘ಇನ್ನೊಂದು ಸ್ವಲ್ಪ ಹಾಕ್ಲಾ ಸರ್?’ ಎಂದು ಕೇಳಿದರೆ ಬೇಡವೆನ್ನುವುದು ಕಷ್ಟ. ಬೀಗರು ಅವನನ್ನೂ ಬಿಡಲಿಲ್ಲ: ನೀವು ಹಡಗಿಗೆ ಬರುವುದು ಟ್ಯಾಕ್ಸಿಯಲ್ಲೋ ಶಟಲಿನಲ್ಲೋ? ಕೆಲಸಕ್ಕೆ ಸೇರುವ ದಿನ ಏಜೆಂಟರ ವ್ಯಾನು ಹೋಟೆಲಿಗೇ ಬಂದು ಎತ್ತಿಕೊಂಡು ಹೋಗುತ್ತದೆ, ಕೇಳುವವರಿಲ್ಲ, ಹೇಳುವವರಿಲ್ಲ ಎಂದ. ಆಮೇಲೆ ಬಂದರಿಗೆ ಬಂದಾಗಲೆಲ್ಲ, ಹಳೇ ಜನ ಇಳಿದು ಹೊಸ ಜನ ಹತ್ತುವ ಸಂದಿಯಲ್ಲಿ ಎರಡು ಮೂರು ಗಂಟೆ ಬಿಡುವು ಸಿಕ್ಕಿದರೆ ಅಂಗಡಿಗೂ ಮನೆಗೆ ದುಡ್ಡು ಕಳಿಸುವುದಕ್ಕೂ ಹೋಗುತ್ತಾರಂತೆ. ‘ನಾಲ್ಕು ಜನ ಸೇರದೆ ನಾವು ಟ್ಯಾಕ್ಸಿ ಮಾಡುವುದಿಲ್ಲ ಸರ್. ಮೂರೇ ಜನ ಇದ್ದರೆ ಗೇಟಿನ ಹತ್ತಿರ ನಿಲ್ಲುತ್ತೇವೆ. ಫಿಲಿಪೀನ್ಸಿನವನೋ ಇಂಡೋನೇಷ್ಯಾದವನೋ ಒಬ್ಬ ಬಂದೇ ಬರುತ್ತಾನೆ.’

ಇಳಿಯುವ ದಿನ ಬೆಳಿಗ್ಗೆ ಸಾವಿರಾರು ಜನ ಒಟ್ಟಿಗೆ ಹೊರಗೆ ಬಿದ್ದೆವು. ಅಷ್ಟು ಜನರೂ ಒಟ್ಟಿಗೆ ಫೋನು ತೆಗೆದರು. ಮಗನ ಆ್ಯಪಿನಲ್ಲಿ ಅದೇ ಮೂರು ಕಿಲೋಮೀಟರಿಗೆ ದೊಡ್ಡ ಕಾರಿನ ದರ ಮೂವತ್ತಿದ್ದದ್ದು ಅರವತ್ತಾಯಿತು, ನೋಡನೋಡುತ್ತ ಎಪ್ಪತ್ತೆಂಟಾಯಿತು. ಬರುವುದಕ್ಕೆ ಮೂವತ್ತೈದು ನಿಮಿಷ ಎಂದು ತೋರಿಸಿ, ಮತ್ತೆ ಬರುವುದೇ ಇಲ್ಲ ಎಂದು ತೋರಿಸಿತು. ಹೋಟೆಲಿನವರ ಶಟಲ್ ತಂದು ಬಿಡುತ್ತದೆಯೇ ಹೊರತು ಬಂದು ಕರೆದೊಯ್ಯುವುದಿಲ್ಲ. ಅವನು ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದ. ಆಮೇಲೆ ಅದನ್ನು ಜೇಬಿಗೆ ಹಾಕಿ ನಮ್ಮಿಬ್ಬರ ಕಡೆ ನೋಡಿದ.

‘ಅಪ್ಪ, ಏನ್ ಮಾಡೋಣ? ಮಾವ, ನೀವ್ ಹೇಳಿ.’

ಬೀಗರು ಆಗಲೇ ಅಂಗಿಯ ತೋಳು ಮಡಚುತ್ತಿದ್ದರು. ಟ್ಯಾಕ್ಸಿ ಸಾಲಿನ ತಲೆಯಲ್ಲಿ ಸೀಟಿ ಕಚ್ಚಿಕೊಂಡು ನಿಂತ ಮನುಷ್ಯನ ಹತ್ತಿರ ನೇರ ಹೋದರು. ಇಬ್ಬರ ನಡುವೆ ಯಾವ ಭಾಷೆಯಲ್ಲಿ ಮಾತಾಯಿತೋ ತಿಳಿಯದು. ಬೀಗರು ಏಳು ಬೆರಳು ತೋರಿಸಿದರು, ಚೀಲಗಳನ್ನು ತೋರಿಸಿದರು, ಆ ಮನುಷ್ಯ ಸೀಟಿ ಊದಿದ. ಹಿಂದಿನಿಂದ ಒಂದು ಹಳದಿ ವ್ಯಾನು ಸಾಲು ಬಿಟ್ಟು ಮುಂದೆ ಬಂತು. ಮೀಟರು ಇದ್ದ ಟ್ಯಾಕ್ಸಿಯೇ, ಆದರೆ ಒಳಗೆ ಮೂರು ಸಾಲು ಸೀಟು. ಟ್ಯಾಕ್ಸಿಯೂ ಹೌದು, ಏಳೂ ಜನಕ್ಕೆ ಜಾಗವೂ ಉಂಟು. ಇಂಥದೊಂದು ಇದೆಯೆಂದು ನನ್ನ ಚೀಟಿಯ ಲೆಕ್ಕದಲ್ಲಾಗಲಿ ಮಗನ ಫೋನಿನಲ್ಲಾಗಲಿ ಬಂದಿರಲಿಲ್ಲ.

ಬೀಗರು ಬಾಗಿಲ ಪಕ್ಕ ನಿಂತು ಒಬ್ಬೊಬ್ಬರನ್ನೇ ಹತ್ತಿಸಿದರು. ಮೊದಲು ಮೊಮ್ಮಗಳು, ಆಮೇಲೆ ಹೆಂಗಸರು, ಸೊಸೆ, ನಾನು. ಮಗ ಕೊನೆಗೆ ಉಳಿದ. ಅವನ ಬೆನ್ನಿಗೆ ಕೈ ಹಚ್ಚಿ ಒಳಗೆ ತಳ್ಳಿ, ಬಾಗಿಲು ಎಳೆದು, ತಾವು ಮುಂದೆ ಡ್ರೈವರಿನ ಪಕ್ಕ ಕೂತು, ಬೆಲ್ಟು ಬಿಗಿದು, ಹಿಂದೆ ತಿರುಗಿ ನಮ್ಮನ್ನೆಲ್ಲ ಒಂದು ಸಲ ಎಣಿಸಿದರು.

‘ಹಾಂ. ಈಗ ಹೇಳ್ರಿ, ಚಿಲ್ಲರೆ ಯಾರ ಹತ್ರ ಐತಿ?’